ಮೈ ಬದಲಾದರೂ ಅದೇ ಡಾಕ್ಟರಾ? ಟೈಮ್ ಲಾರ್ಡ್‌ಗಳ ರಿಜನರೇಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

'ಡಾಕ್ಟರ್ ಹೂ' ನೋಡುವ ಗೆಳೆಯರಿರಲಿ, ಒಂದು ಕಂತೂ ನೋಡದ ನೆಂಟರಿರಲಿ, ಸುತ್ತಿ ಬಳಸಿ ಕೇಳುವುದು ಒಂದನ್ನೇ. ಮುಖ ಬದಲಾಯಿತು, ದನಿ ಬದಲಾಯಿತು, ಸ್ವಭಾವವೂ ಬದಲಾಯಿತು. ಆಮೇಲೂ ಅದೇ ವ್ಯಕ್ತಿ ಅಂತ ಹೇಗೆ ಹೇಳ್ತೀರಿ? ಹಲವು ವರ್ಷಗಳಿಂದ ಬಾಯಲ್ಲಿ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕಥೆಯ ಮುಖ್ಯ ತಿರುವುಗಳೆಲ್ಲ ಇಲ್ಲಿ ಬಯಲಾಗುತ್ತವೆ. ಸರಣಿಯನ್ನು ಇನ್ನೂ ನೋಡಬೇಕು ಅಂತಿರುವವರು ಮೊದಲು ನೋಡಿ ಬನ್ನಿ.

ಟೈಮ್ ಲಾರ್ಡ್ ಅಂದರೆ ಯಾರು?

ಬಿಬಿಸಿಯ 'ಡಾಕ್ಟರ್ ಹೂ' ಸರಣಿಯಲ್ಲಿ ಬರುವ ಬೇರೆ ಲೋಕದವರು. ಅವರ ಊರು ಗ್ಯಾಲಿಫ್ರೇ ಎಂಬ ಗ್ರಹ. ನೋಡಲು ನಮ್ಮ ಹಾಗೆಯೇ ಇರುತ್ತಾರೆ, ಆದರೆ ಎದೆಯಲ್ಲಿ ಎರಡು ಹೃದಯ. ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾರೆ. ಅವರಲ್ಲೊಬ್ಬರು ಊರು ಬಿಟ್ಟು, ಟಾರ್ಡಿಸ್ ಎಂಬ ನೀಲಿ ಪೆಟ್ಟಿಗೆ ಹತ್ತಿ ಹೊರಟವರು. ಅದು ಕಾಲದಲ್ಲಿ ಓಡಾಡುವ ವಾಹನ, ಹೊರಗೆ ಚಿಕ್ಕದು, ಒಳಗೆ ಬಹಳ ದೊಡ್ಡದು. ಅವರನ್ನೇ ಎಲ್ಲರೂ 'ಡಾಕ್ಟರ್' ಅಂತ ಕರೆಯುವುದು. ಸರಣಿ ಶುರುವಾದದ್ದು 1963ರ ನವೆಂಬರ್ 23ರಂದು.

ರಿಜನರೇಶನ್‌ನಲ್ಲಿ ನಿಜವಾಗಿ ಏನಾಗುತ್ತದೆ?

ಟೈಮ್ ಲಾರ್ಡ್‌ಗೆ ಪ್ರಾಣ ಹೋಗುವಂಥ ಪೆಟ್ಟು ಬಿದ್ದಾಗ ಅಥವಾ ಮೈ ಪೂರ್ತಿ ಸವೆದಾಗ, ಮೈಯ ಒಂದೊಂದು ಕಣವೂ ಹೊಸದಾಗುತ್ತದೆ. ಗಾಯ ಮಾಯುವ ಹಾಗಲ್ಲ ಇದು. ಎತ್ತರ, ವಯಸ್ಸು, ಹಲ್ಲು, ಮಾತಿನ ಧಾಟಿ, ನಾಲಿಗೆಯ ರುಚಿ ಎಲ್ಲವೂ ಬೇರೆ. ನೆನಪು ಮಾತ್ರ ಉಳಿಯುತ್ತದೆ. 2005ರಿಂದ ಈಚೆಗೆ ಇದನ್ನು ಚಿನ್ನದ ಬಣ್ಣದ ಬೆಳಕಾಗಿ ತೋರಿಸುತ್ತಾರೆ. ನಿಂತಲ್ಲೇ ಕೈಯಿಂದ, ಕುತ್ತಿಗೆಯಿಂದ ಬೆಂಕಿಯ ಹಾಗೆ ಬೆಳಕು ಚಿಮ್ಮುತ್ತದೆ. ಆಮೇಲೆ ಹೊಸ ಮುಖ.

ಈ ಯೋಚನೆ ಬಂದದ್ದಾದರೂ ಎಲ್ಲಿಂದ?

ಒಬ್ಬ ನಟನ ಅನಾರೋಗ್ಯದಿಂದ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್ನೆಲ್ ಅವರಿಗೆ 1966ರ ಹೊತ್ತಿಗೆ ಮೈ ಸರಿಯಿರಲಿಲ್ಲ. ಮಾತು ಮರೆಯುತ್ತಿದ್ದರು. ತೆರೆಯ ಮೇಲೆ ಅಜ್ಜನ ಹಾಗೆ ಕಂಡರೂ ಅವರಿಗೆ ಆಗ 58 ವರ್ಷ, ಅಷ್ಟೇ. ಸರಣಿ ನಿಲ್ಲಿಸುವ ಬದಲು ಅದನ್ನು ಮಾಡುತ್ತಿದ್ದವರು ಒಂದು ದಾರಿ ಹುಡುಕಿದರು. ಡಾಕ್ಟರ್ ಹೇಗೂ ಮನುಷ್ಯರಲ್ಲ, ಅವರ ಮೈ ಯಾಕೆ ಹೊಸದಾಗಬಾರದು? 1966ರ ಅಕ್ಟೋಬರ್ 29ರ ಶನಿವಾರ ಮುದುಕ ಡಾಕ್ಟರ್ ಟಾರ್ಡಿಸ್‌ನ ನೆಲದ ಮೇಲೆ ಬಿದ್ದರು. ಮುಖ ಬಿಳಿ ಬೆಳಕಿನಲ್ಲಿ ಕರಗಿತು. ಎದ್ದವರು ಪ್ಯಾಟ್ರಿಕ್ ಟ್ರೌಟನ್.

ಆ ದಿನ 'ರಿಜನರೇಶನ್' ಎಂಬ ಪದವೇ ಇರಲಿಲ್ಲ. ಹೊಸ ಡಾಕ್ಟರ್ ತಾನು ನವೀಕರಣಗೊಂಡೆ ಅನ್ನುವ ಅರ್ಥದ ಮಾತಾಡಿದರು, ಅಷ್ಟೇ. ಹೆಸರು ಬಂದದ್ದು 1974ರಲ್ಲಿ, ಜಾನ್ ಪರ್ಟ್ವೀ ಹೋಗಿ ಟಾಮ್ ಬೇಕರ್ ಬಂದಾಗ.

ಮುಂದಿನ ಕಥೆ ನನಗೆ ಬಹಳ ಇಷ್ಟ. ಹೊಸ ಡಾಕ್ಟರ್ ಹಳೆಯ ಉಂಗುರ ಹಾಕಿಕೊಂಡರೆ ಅದು ಬೆರಳಿಗೆ ನಿಲ್ಲುವುದಿಲ್ಲ, ಜಾರುತ್ತದೆ. ಕನ್ನಡಿ ಹಿಡಿದರೆ ಒಂದು ಗಳಿಗೆ ಹಳೆಯ ಮುಖವೇ ಕಾಣುತ್ತದೆ. ಜೊತೆಗಿದ್ದ ಪಾಲಿ ಇವರೇ ಡಾಕ್ಟರ್ ಅಂತ ನಂಬುತ್ತಾಳೆ. ಬೆನ್ ನಂಬುವುದಿಲ್ಲ. ಕೊನೆಗೆ ಅವರನ್ನು ಗುರುತಿಸುವುದು ಯಾರು ಗೊತ್ತಾ? ಒಂದು ಡೇಲೆಕ್. ಡಾಕ್ಟರ್‌ರ ಹಳೆಯ ವೈರಿ. ಗೆಳೆಯ ಮುಖ ನೋಡಿ ಅನುಮಾನಪಟ್ಟ, ಶತ್ರುವಿಗೆ ಮುಖ ಬೇಕಾಗಲಿಲ್ಲ.

ಬೇಸರದ ಸಂಗತಿ ಎಂದರೆ ಹಾರ್ಟ್ನೆಲ್ ಅವರ ಆ ಕೊನೆಯ ಕಂತಿನ ಟೇಪ್ ಇವತ್ತು ಬಿಬಿಸಿಯಲ್ಲಿಲ್ಲ. 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮ 1973ರಲ್ಲಿ ಆ ಮೈ ಬದಲಾಗುವ ತುಣುಕನ್ನು ಬಳಸಿತ್ತು. ಅದರಿಂದಾಗಿ ಅಷ್ಟಾದರೂ ಉಳಿಯಿತು.

ನಮ್ಮ ಕಡೆ ಅವತಾರ, ಪುನರ್ಜನ್ಮ ಅಂತೀವಲ್ಲ, ಅದೇ ತಾನೆ?

ಅಲ್ಲ. ಪುನರ್ಜನ್ಮದಲ್ಲಿ ಹಳೆಯದು ಮರೆತುಹೋಗುತ್ತದೆ, ಮಗುವಾಗಿ ಮತ್ತೆ ಹುಟ್ಟಬೇಕು. ಇಲ್ಲಿ ಎಲ್ಲ ನೆನಪಿರುತ್ತದೆ, ಹುಟ್ಟುವಾಗಲೇ ಬೆಳೆದವರಾಗಿರುತ್ತಾರೆ. ಅವತಾರಕ್ಕೆ ಒಂದು ಉದ್ದೇಶ ಇರುತ್ತದೆ, ಇದು ಸುಮ್ನೆ ಪ್ರಾಣ ಉಳಿಸಿಕೊಳ್ಳುವ ದಾರಿ. ಯಯಾತಿ ಮಗ ಪುರುವಿನಿಂದ ಯೌವನ ಪಡೆದನಲ್ಲ, ಅದು ಕೊಡು-ಕೊಳ್ಳುವ ಮಾತು. ಮೈ ಚಿಗುರಿತು, ಯಯಾತಿ ಯಯಾತಿಯೇ ಆಗಿ ಉಳಿದ.

ಪರಕಾಯ ಪ್ರವೇಶ ಮಾತ್ರ ಈ ಸರಣಿಯಲ್ಲೂ ಇದೆ. ಆದರೆ ಅದನ್ನು ಮಾಡುವವನು ಡಾಕ್ಟರ್‌ರ ವೈರಿ, ಮಾಸ್ಟರ್ ಎಂಬ ಇನ್ನೊಬ್ಬ ಟೈಮ್ ಲಾರ್ಡ್. ತನ್ನ ಮೈಗಳೆಲ್ಲ ಮುಗಿದು ಕೊಳೆಯುತ್ತಿದ್ದಾಗ, 1981ರ ಒಂದು ಕಥೆಯಲ್ಲಿ, ಟ್ರೆಮಾಸ್ ಎಂಬ ಒಳ್ಳೆಯ ಮನುಷ್ಯನ ಮೈಯನ್ನು ಕದಿಯುತ್ತಾನೆ. ಆ ಮನುಷ್ಯನ ಮಗಳು ಮುಂದೆ ತನ್ನ ತಂದೆಯ ಮುಖವನ್ನೇ ಶತ್ರುವಿನಲ್ಲಿ ನೋಡಬೇಕಾಗುತ್ತದೆ. ಶಂಕರಾಚಾರ್ಯರು ಸತ್ತ ರಾಜನ ದೇಹ ಹೊಕ್ಕ ಕಥೆ ಕೇಳಿ ಬೆಳೆದವನು ನಾನು. ಈ ಕಳ್ಳತನ ನೋಡಿ ಹೊಟ್ಟೆ ತೊಳಸಿತು.

ನಮ್ಮಲ್ಲಿ ಹತ್ತಿರದ ಪದ ಬೇಕಾದರೆ 'ಕಾಯಕಲ್ಪ' ಅನ್ನಬಹುದು. ಅದರಲ್ಲೂ ಆಳು ಬದಲಾಗುವುದಿಲ್ಲ, ಮುಪ್ಪು ಮಾತ್ರ ಹೋಗುತ್ತದೆ. ಪೂರ್ತಿ ಹೊಂದುವ ಪದ ನನಗೆ ಸಿಕ್ಕಿಲ್ಲ.

ಎಷ್ಟು ಸಲ ಮೈ ಬದಲಾಯಿಸಬಹುದು?

ಹನ್ನೆರಡು ಸಲ. ಅಂದರೆ ಒಟ್ಟು ಹದಿಮೂರು ಮೈ. ಈ ಲೆಕ್ಕ ಬಂದದ್ದು 1976ರ ಒಂದು ಕಥೆಯಲ್ಲಿ. ಆಗ ಬರೆದವರಿಗೆ ಹದಿಮೂರು ಎಂಬುದು ಬಹಳ ದೂರದ ಮಾತಾಗಿ ಕಂಡಿರಬೇಕು, ಯಾಕೆಂದರೆ ಡಾಕ್ಟರ್ ಆಗಿನ್ನೂ ನಾಲ್ಕನೆಯ ಮೈಯಲ್ಲಿದ್ದರು.

2013ಕ್ಕೆ ಆ ಮಾತು ಎದುರಿಗೆ ಬಂದು ನಿಂತಿತು. ಮ್ಯಾಟ್ ಸ್ಮಿತ್ ಅವರನ್ನು ಎಲ್ಲರೂ ಹನ್ನೊಂದನೆಯ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಲೆಕ್ಕ ಹಾಕಿ ನೋಡಿ. ಎಂಟನೆಯವರಿಗೂ ಒಂಬತ್ತನೆಯವರಿಗೂ ನಡುವೆ ಜಾನ್ ಹರ್ಟ್ ಮಾಡಿದ ಯುದ್ಧಕಾಲದ ಡಾಕ್ಟರ್ ಒಬ್ಬರಿದ್ದರು, ಆ ಮೈಗೆ ಡಾಕ್ಟರ್ ನಂಬರ್ ಕೊಟ್ಟುಕೊಂಡಿರಲಿಲ್ಲ. 2008ರಲ್ಲಿ ಡೇವಿಡ್ ಟೆನಂಟ್ ಅವರ ಡಾಕ್ಟರ್ ಗಾಯ ವಾಸಿ ಮಾಡಿಕೊಂಡು, ಉಳಿದ ಶಕ್ತಿಯನ್ನು ತಮ್ಮದೇ ಕಡಿದುಹೋದ ಒಂದು ಕೈಗೆ ಹರಿಸಿ, ಅದೇ ಮುಖ ಉಳಿಸಿಕೊಂಡರು. ಅದೂ ಒಂದು ಲೆಕ್ಕವೇ. ಹನ್ನೊಂದಕ್ಕೆ ಎರಡು ಸೇರಿಸಿ. ಹದಿಮೂರು, ಮುಗಿಯಿತು. ಆ ವರ್ಷದ ಕ್ರಿಸ್‌ಮಸ್ ಕಂತಿನಲ್ಲಿ ಡಾಕ್ಟರ್ ಟ್ರೆನ್ಜಲೋರ್ ಎಂಬ ಗ್ರಹದಲ್ಲಿ ಮುಪ್ಪಾಗಿ ಸಾವಿಗೆ ಕಾಯುತ್ತಿರುತ್ತಾರೆ. ಅವರ ಜೊತೆಗಾತಿ ಕ್ಲಾರಾ ಬೇಡಿಕೊಂಡ ಮೇಲೆ ಟೈಮ್ ಲಾರ್ಡ್‌ಗಳು ಹೊಸದೊಂದು ಸುತ್ತು ದಾನ ಮಾಡುತ್ತಾರೆ.

2020ರಲ್ಲಿ ಇನ್ನೊಂದು ತಿರುವು ಬಂತು. ಡಾಕ್ಟರ್ ಮೂಲತಃ ಗ್ಯಾಲಿಫ್ರೇಯವರೇ ಅಲ್ಲವಂತೆ. ಎಲ್ಲಿಂದಲೋ ಬಂದ ಒಂದು ಮಗು, ಅದರ ಮೈಯಿಂದಲೇ ಟೆಕ್ಟೆಯುನ್ ಎಂಬಾಕೆ ಈ ವಿದ್ಯೆಯನ್ನು ತೆಗೆದು ತನ್ನ ಜನಕ್ಕೆ ಹಂಚಿದ್ದು, ಹನ್ನೆರಡರ ಮಿತಿ ಹಾಕಿದ್ದು. ಮಗುವಿನ ನೆನಪನ್ನು ಅಳಿಸಿಬಿಟ್ಟರು. ಇದು ಹಲವರಿಗೆ ಹಿಡಿಸಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಡಾಕ್ಟರ್ ಸಾಧಾರಣ ಟೈಮ್ ಲಾರ್ಡ್ ಆಗಿದ್ದು ಓಡಿಹೋದವರು ಎಂಬುದೇ ನನಗೆ ಚೆಂದ ಕಾಣುತ್ತದೆ.

ಹೊಸ ಮುಖವನ್ನು ಆರಿಸಿಕೊಳ್ಳಬಹುದಾ?

ಕೆಲವರಿಗೆ ಆಗುತ್ತದೆ. 1979ರಲ್ಲಿ ರೊಮಾನಾ ಎಂಬ ಟೈಮ್ ಲೇಡಿ ಬಟ್ಟೆ ಅಂಗಡಿಯಲ್ಲಿ ಸೀರೆ ಹೊದ್ದು ನೋಡುವ ಹಾಗೆ ಒಂದೊಂದೇ ಮೈ ಹಾಕಿಕೊಂಡು ಬಂದು ತೋರಿಸುತ್ತಾಳೆ. ಡಾಕ್ಟರ್‌ಗೆ ಆ ಚಾಕಚಕ್ಯತೆ ಇಲ್ಲ. ಆದರೂ ಒಳಮನಸ್ಸು ಆರಿಸುತ್ತದೆ ಅನ್ನುವ ಸುಳಿವಿದೆ. ಪೀಟರ್ ಕಪಾಲ್ಡಿ ಡಾಕ್ಟರ್ ಆಗುವ ಮೊದಲು, 2008ರಲ್ಲಿ, ಇದೇ ಸರಣಿಯಲ್ಲಿ ಪೊಂಪೆ ಊರಿನ ಒಬ್ಬ ಗೃಹಸ್ಥನ ಪಾತ್ರ ಮಾಡಿದ್ದರು. ಜ್ವಾಲಾಮುಖಿಯಿಂದ ಡಾಕ್ಟರ್ ಉಳಿಸಿದ್ದು ಆ ಒಂದು ಮನೆಯವರನ್ನು. ಅದೇ ಮುಖ ಯಾಕೆ ಬಂತು? 2015ರಲ್ಲಿ ಡಾಕ್ಟರ್‌ಗೆ ಹೊಳೆಯುತ್ತದೆ: ತಾನು ಜನರನ್ನು ಉಳಿಸುವವನು ಅಂತ ನೆನಪಿಸಿಕೊಳ್ಳಲು. ಒಬ್ಬ ನಟನಿಗೆ ಎರಡು ಪಾತ್ರ ಸಿಕ್ಕಿದ್ದನ್ನು ಎಷ್ಟು ಚೆನ್ನಾಗಿ ಕಥೆಯೊಳಗೆ ತಂದರು, ಅಲ್ವಾ?

ಮೈ ಬದಲಾದ ತಕ್ಷಣ ಯಾಕೆ ತಲೆಕೆಟ್ಟವರ ಹಾಗೆ ಆಡುತ್ತಾರೆ?

ಇದಕ್ಕೆ ನಾನು ಯಾವಾಗಲೂ ರೇಷ್ಮೆ ಹುಳದ ಉದಾಹರಣೆ ಕೊಡುತ್ತೇನೆ. ಶಿಡ್ಲಘಟ್ಟದ ಹತ್ತಿರ ನಮ್ಮ ಅಜ್ಜಿ ಮನೆಯಲ್ಲಿ ಹುಳ ಸಾಕುತ್ತಿದ್ದರು. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ 'ಜ್ವರ' ಅನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಆ ಹೊತ್ತಿನಲ್ಲಿ ಅಜ್ಜಿ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ನಮ್ಮನ್ನು ಆ ಕೋಣೆಯ ಹತ್ತಿರ ಬಿಡುತ್ತಿರಲಿಲ್ಲ. ಎದ್ದ ಹುಳದ ಚರ್ಮ ಸಡಿಲ, ಬಣ್ಣ ಮಸುಕು. ಒಂದು ಗಳಿಗೆ ಬಿಟ್ಟು ನೋಡಿದರೆ ಸೊಪ್ಪಿನ ಮೇಲೆ ಬಿದ್ದಿರುತ್ತಿತ್ತು. ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತಿತ್ತು.

ಡಾಕ್ಟರ್‌ರದೂ ಇಂಥದ್ದೇ ಜ್ವರ. ಟೆನಂಟ್ ಅವರ ಡಾಕ್ಟರ್ ಮೊದಲ ಕಂತಿನ ಹೆಚ್ಚು ಭಾಗ ಹಾಸಿಗೆಯಲ್ಲೇ ಕಳೆದರು, ಚಹಾದ ಹಬೆ ತಾಗಿ ಎದ್ದರು. ಅದೇ ಕಂತಿನಲ್ಲಿ ಅವರ ಕೈ ಕತ್ತಿಯೇಟಿಗೆ ಹೋಗುತ್ತದೆ. ಮೊದಲ ಹದಿನೈದು ಗಂಟೆಯೊಳಗೆ ಇದ್ದದ್ದರಿಂದ ಹೊಸ ಕೈ ಮೊಳೆಯಿತು. ಪೀಟರ್ ಡೇವಿಸನ್ ಅವರ ಡಾಕ್ಟರ್ ಟಾರ್ಡಿಸ್‌ನೊಳಗೆ ದಾರಿ ತಪ್ಪಬಾರದೆಂದು ಹಳೆಯ ಉದ್ದನೆ ಮಫ್ಲರಿನ ದಾರ ಬಿಚ್ಚುತ್ತಾ ಹೋದರು. ತನ್ನ ಹಿಂದಿನ ರೂಪದ ಗುರುತನ್ನೇ ಎಳೆ ಎಳೆಯಾಗಿ ಬಿಚ್ಚುವುದು! ಮ್ಯಾಟ್ ಸ್ಮಿತ್ ಅವರ ಡಾಕ್ಟರ್ 2010ರಲ್ಲಿ ಅಮೀಲಿಯಾ ಎಂಬ ಪುಟ್ಟ ಹುಡುಗಿಯ ಅಡುಗೆಮನೆಗೆ ಬಂದು ಸೇಬು ಕೇಳಿದರು, ಕಚ್ಚಿ ಉಗಿದರು. ಮೊಸರು ಬೇಡ, ಬೀನ್ಸ್ ಬೇಡ, ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ತಟ್ಟೆ ಸಮೇತ ಹೊರಗೆ ಎಸೆದರು. ಕೊನೆಗೆ ಕರಿದ ಮೀನಿನ ತುಂಡನ್ನು ಕಸ್ಟರ್ಡ್‌ಗೆ ಅದ್ದಿ ತಿಂದರು. ಹೊಸ ನಾಲಿಗೆಗೆ ಏನು ಹಿಡಿಸುತ್ತದೆ ಅಂತ ಅವರಿಗೇ ಗೊತ್ತಿಲ್ಲ. ಹೊಸ ಮೈಯನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯ ನನಗೆ ಬೇರೆ ಗೊತ್ತಿಲ್ಲ.

ಎಲ್ಲ ಸಲವೂ ಮುದ್ದಾಗಿ ಇರುವುದಿಲ್ಲ. 1984ರಲ್ಲಿ ಕಾಲಿನ್ ಬೇಕರ್ ಅವರ ಡಾಕ್ಟರ್ ಎದ್ದವರೇ ತಮ್ಮ ಜೊತೆಗಾತಿ ಪೆರಿಯ ಕತ್ತು ಹಿಸುಕಲು ಹೋದರು. ಹಿಂದಿನ ಮೈ ಸತ್ತದ್ದೇ ಅವಳಿಗಾಗಿ, ಇದ್ದ ಒಂದೇ ಪಾಲು ಔಷಧಿಯನ್ನು ಅವಳಿಗೆ ಕುಡಿಸಿ. ಆ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡಿದರೆ ಎದೆ ನಡುಗುತ್ತದೆ.

ಹಾಗಾದರೆ ಹಳೆಯ ಡಾಕ್ಟರ್ ಸತ್ತರು ಅನ್ನಬೇಕಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಡಾಕ್ಟರ್ ಸಾಯುವುದಿಲ್ಲ, ಆದರೆ ಒಬ್ಬರು ಖಂಡಿತ ಹೋಗುತ್ತಾರೆ. ಎರಡೂ ನಿಜ ಅಂತ ನಾನು ನಂಬುತ್ತೇನೆ.

ಸರಣಿಯೊಳಗೇ ಎರಡು ಮಾತಿವೆ. 2010ರ ಜನವರಿ 1ರಂದು ಮುಗಿದ ಕಥೆಯಲ್ಲಿ ಟೆನಂಟ್ ಅವರ ಡಾಕ್ಟರ್ ಒಂದು ಕೆಫೆಯಲ್ಲಿ ವಿಲ್ಫ್ರೆಡ್ ಎಂಬ ಅಜ್ಜನ ಎದುರು ಕೂತು ಹೇಳುತ್ತಾರೆ: ಮೈ ಬದಲಾದರೂ ಅದು ಸಾವಿನ ಹಾಗೆಯೇ ಇರುತ್ತದೆ, ತಾನು ಅನ್ನುವುದೆಲ್ಲ ಹೋಗುತ್ತದೆ, ಇನ್ಯಾರೋ ಎದ್ದು ನಡೆದುಹೋಗುತ್ತಾನೆ. ಮುಂದೆ ಅದೇ ಅಜ್ಜ ವಿಕಿರಣದ ಗಾಜಿನ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ನಾಲ್ಕು ಸಲ ಮೆಲ್ಲಗೆ ಬಾಗಿಲು ತಟ್ಟುತ್ತಾನೆ. ಡಾಕ್ಟರ್ ಮೊದಲು ಸಿಟ್ಟಾಗುತ್ತಾರೆ, ಇದು ಅನ್ಯಾಯ ಅಂತ ಕೂಗುತ್ತಾರೆ. ಆಮೇಲೆ ಹೋಗಿ ಅಜ್ಜನನ್ನು ಬಿಡಿಸಿ ತಾವು ವಿಕಿರಣ ತಗೊಳ್ಳುತ್ತಾರೆ. ಹೋಗಲು ಮನಸ್ಸಿಲ್ಲ ಅನ್ನುವುದೇ ಅವರ ಕೊನೆಯ ಮಾತು.

ಮ್ಯಾಟ್ ಸ್ಮಿತ್ ಅವರ ಡಾಕ್ಟರ್ 2013ರಲ್ಲಿ ಹೋಗುವಾಗ ಬೇರೆಯೇ ಮಾತಾಡುತ್ತಾರೆ. ನಾವೆಲ್ಲರೂ ಬದುಕಿನುದ್ದಕ್ಕೂ ಬೇರೆ ಬೇರೆ ಜನರಾಗುತ್ತಾ ಹೋಗುತ್ತೇವೆ, ಹಿಂದೆ ಆಗಿದ್ದವರನ್ನೆಲ್ಲ ನೆನಪಿಟ್ಟುಕೊಂಡರೆ ಅದು ಸರಿಯೇ ಅನ್ನುತ್ತಾರೆ.

ಎರಡನೆಯದು ಸಮಾಧಾನದ ಮಾತು. ಆದರೂ ನನಗೆ ಮೊದಲನೆಯದೇ ಹೆಚ್ಚು ನಿಜ ಅನಿಸುತ್ತದೆ. ನೆನಪು ಉಳಿಯಿತು ಅಂದ ಮಾತ್ರಕ್ಕೆ ಆ ನಗೆ ಉಳಿಯುವುದಿಲ್ಲ. ಆ ಅವಸರದ ನಡಿಗೆ, ಆ ಸಿಟ್ಟು ಮತ್ತೆ ಬರುವುದಿಲ್ಲ. ಅವರಿಗಾಗಿ ಅತ್ತವರನ್ನು ನೋಡಿ "ಮುಂದಿನವರು ಇದ್ದಾರಲ್ಲ" ಅನ್ನಬೇಡಿ.

ಏನೂ ಉಳಿಯುವುದಿಲ್ಲವಾ ಹಾಗಾದರೆ?

ಉಳಿಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತೀವಲ್ಲ, ಇಲ್ಲಿ ಅಕ್ಷರಶಃ ಸುಟ್ಟೇ ನೋಡುತ್ತಾರೆ. ಹದಿನೈದು ಮುಖ ಬಂದರೂ ಡಾಕ್ಟರ್ ಒಂದು ಮಗು ಅಳುವುದನ್ನು ಕೇಳಿ ಮುಂದೆ ಹೋಗಲಾರರು. ಬಂದೂಕು ಕಂಡರೆ ಆಗದು. ಒಬ್ಬರೇ ಇದ್ದರೆ ಕೆಡುತ್ತಾರೆ, ಅದಕ್ಕೇ ಜೊತೆ ಬೇಕು.

ಡಾಕ್ಟರ್‌ರನ್ನು 'ಅವನು' ಅನ್ನಬೇಕಾ, 'ಅವಳು' ಅನ್ನಬೇಕಾ?

ಗಂಡು ಹೆಣ್ಣಾಗಬಹುದು, ಹೆಣ್ಣು ಗಂಡಾಗಬಹುದು. 2011ರ ಒಂದು ಕಂತಿನಲ್ಲಿ ಮಾತಿನ ನಡುವೆ ಇದು ಬಂತು. 2014ರಲ್ಲಿ ಮಾಸ್ಟರ್ 'ಮಿಸ್ಸಿ' ಎಂಬ ಹೆಂಗಸಾಗಿ ಬಂದಳು. 2017ರ ಕ್ರಿಸ್‌ಮಸ್‌ಗೆ ಜೋಡಿ ವಿಟೇಕರ್ ಡಾಕ್ಟರ್ ಆದರು.

ಕನ್ನಡದಲ್ಲಿ ಬರೆಯುವವರಿಗೆ ಇದು ಬರೀ ಸರ್ವನಾಮದ ಪ್ರಶ್ನೆಯಲ್ಲ. ನಮ್ಮ ಕ್ರಿಯಾಪದಕ್ಕೂ ಲಿಂಗ ಇದೆ. ಬಂದನು, ಬಂದಳು. ಒಂದೇ ವಾಕ್ಯದ ನಡುವೆ ಮೈ ಬದಲಾದರೆ ಏನು ಮಾಡುವುದು? ಪುಣ್ಯಕ್ಕೆ ನಮ್ಮಲ್ಲಿ 'ಅವರು' ಇದೆ. ಊರಲ್ಲಿ ಯಾವ ಡಾಕ್ಟರ್ ಬಂದರೂ "ಡಾಕ್ಟರ್ ಬಂದ್ರು" ಅಂತಲೇ ತಾನೆ ಹೇಳುವುದು? ನಾನು ಈ ಬರಹದುದ್ದಕ್ಕೂ ಅದನ್ನೇ ಬಳಸಿದ್ದೇನೆ.

ಹಳೆಯ ಮೈಯೂ ಹೊಸ ಮೈಯೂ ಎದುರಾದರೆ?

ಕಾಲಯಾನದ ಕಥೆಯಲ್ಲಿ ಇದು ಆಗಾಗ ನಡೆಯುತ್ತದೆ. ಡಾಕ್ಟರ್‌ಗಳು ಸಾಮಾನ್ಯವಾಗಿ ಜಗಳವಾಡಿ ರಾಜಿಯಾಗುತ್ತಾರೆ. ಮಾಸ್ಟರ್‌ನ ಕಥೆ ಬೇರೆ. 2017ರಲ್ಲಿ ಮಿಸ್ಸಿ ಕೊನೆಗೂ ಒಳ್ಳೆಯವಳಾಗಲು, ಡಾಕ್ಟರ್ ಪಕ್ಕ ನಿಲ್ಲಲು ಹೊರಡುತ್ತಾಳೆ. ಅವಳದೇ ಹಿಂದಿನ ರೂಪ ಅವಳನ್ನು ಬೆನ್ನಿಗೆ ಹೊಡೆದು, ಮತ್ತೆ ಮೈ ಬದಲಾಯಿಸಲೂ ಆಗದ ಹಾಗೆ ಮಾಡುತ್ತದೆ. ಅವಳು ಬದಲಾದಳು ಅಂತ ಡಾಕ್ಟರ್‌ಗೆ ತಿಳಿಯುವುದೇ ಇಲ್ಲ.

ಮೈ ಬದಲಾಯಿಸುವುದು ಬೇಡ ಅನ್ನಬಹುದಾ?

ಅನ್ನಬಹುದು. 2007ರಲ್ಲಿ ಗುಂಡು ತಿಂದ ಮಾಸ್ಟರ್ ಡಾಕ್ಟರ್ ತೋಳಿನಲ್ಲಿ ಮಲಗಿ, ಹಟ ಹಿಡಿದು ಸಾಯುತ್ತಾನೆ (ಆಮೇಲೆ ಮರಳಿ ಬಂದದ್ದು ಬೇರೆ ಕಥೆ). ಡಾಕ್ಟರ್ ಅಂಗಲಾಚುತ್ತಾರೆ. ಉಳಿದ ಟೈಮ್ ಲಾರ್ಡ್‌ಗಳೆಲ್ಲ ಸತ್ತರು ಅಂತಲೇ ಅವರು ಆಗ ನಂಬಿದ್ದರು. ತನ್ನ ಕುಲದ ಕೊನೆಯ ಇನ್ನೊಬ್ಬನೂ ಹೋದರೆ ತಾನು ಒಂಟಿ. ಅದು ಗೊತ್ತಿದ್ದೇ ಮಾಸ್ಟರ್ ಆ ಗೆಲುವು ತಗೊಳ್ಳುತ್ತಾನೆ.

2023ರಲ್ಲಿ ಒಬ್ಬರು ಇಬ್ಬರಾದರಲ್ಲ?

ಬೈಜನರೇಶನ್. ಟೆನಂಟ್ ಮತ್ತೆ ಬಂದು ಹದಿನಾಲ್ಕನೆಯ ಡಾಕ್ಟರ್ ಆಗಿದ್ದರು. ಡಿಸೆಂಬರ್ 9ರ ಕಂತಿನಲ್ಲಿ ಅವರ ಮೈಯಿಂದ ಷೂಟಿ ಗಟ್ವಾ ಹೊರಬಂದರು, ಹಳೆಯವರೂ ಉಳಿದರು. ಹಳೆಯವರು ಗೆಳತಿ ಡೊನಾಳ ಮನೆಯಲ್ಲಿ ಊಟ ಮಾಡಿಕೊಂಡು ವಿಶ್ರಾಂತಿ ಪಡೆದರು, ಹೊಸಬರು ತಿರುಗಾಟಕ್ಕೆ ಹೊರಟರು. ಸಾವಿನ ನೋವನ್ನು ಇದು ಸ್ವಲ್ಪ ಅಗ್ಗ ಮಾಡಿತು ಅಂತ ನನ್ನ ಅನಿಸಿಕೆ. ಆದರೂ ಅಷ್ಟು ದಣಿದ ಡಾಕ್ಟರ್ ತೋಟದಲ್ಲಿ ಕೂತಿದ್ದು ನೋಡಿ ಖುಷಿಯಾಯಿತು.

ಬೇರೆ ಕಥೆಗಳಲ್ಲಿ ಇಂಥ ಏಲಿಯನ್‌ಗಳು ಇದ್ದಾರಾ?

'ಸ್ಟಾರ್ ಟ್ರೆಕ್'ನ ಟ್ರಿಲ್ ಜನ. ಇಲ್ಲಿ ಲೆಕ್ಕ ಉಲ್ಟಾ. ಹೊಟ್ಟೆಯೊಳಗೆ ಒಂದು ಜೀವಿ ಇರುತ್ತದೆ, ಮನುಷ್ಯರೂಪದವರು ಅದಕ್ಕೆ ಮನೆ. ಒಬ್ಬರು ಸತ್ತರೆ ಆ ಜೀವಿಯನ್ನು ಇನ್ನೊಬ್ಬರಿಗೆ ಇಡುತ್ತಾರೆ, ಹಿಂದಿನವರೆಲ್ಲರ ನೆನಪು ಜೊತೆಗೇ ಬರುತ್ತದೆ. 1993ರಲ್ಲಿ ಶುರುವಾದ 'ಡೀಪ್ ಸ್ಪೇಸ್ ನೈನ್'ನಲ್ಲಿ ಕಮಾಂಡರ್ ಸಿಸ್ಕೋ ತರುಣಿ ಜಾಡ್ಜಿಯಾ ಡ್ಯಾಕ್ಸ್‌ಳನ್ನು 'ಮುದುಕ' ಎಂದು ಪ್ರೀತಿಯಿಂದ ಕರೆಯುತ್ತಾನೆ, ಯಾಕೆಂದರೆ ಹಿಂದಿನ ಡ್ಯಾಕ್ಸ್ ಅವನ ಹಿರಿಯ ಗೆಳೆಯನಾಗಿದ್ದ. 1998ರಲ್ಲಿ ಜಾಡ್ಜಿಯಾ ಸತ್ತು, ಡ್ಯಾಕ್ಸ್ ಎಜ್ರಿ ಎಂಬ ಹುಡುಗಿಯಲ್ಲಿ ಮರಳಿದಾಗ ಗಂಡ ವರ್ಫ್‌ಗೆ ಅವಳ ಮುಖ ನೋಡುವುದೇ ಕಷ್ಟವಾಗುತ್ತದೆ. ಹೆಂಡತಿಯ ನೆನಪೆಲ್ಲ ಇದೆ, ಹೆಂಡತಿ ಇಲ್ಲ.

ನಿಜವಾದ ಪ್ರಾಣಿಗಳಲ್ಲಿ ಮೈ ಹೊಸದಾದ ಮೇಲೂ ನೆನಪು ಉಳಿಯುತ್ತದಾ?

ಆಶ್ಚರ್ಯ ಎಂದರೆ, ಸ್ವಲ್ಪ ಉಳಿಯುತ್ತದೆ. ಪ್ಲನೇರಿಯನ್ ಎಂಬ ಚಪ್ಪಟೆ ಹುಳದ ತಲೆ ಕತ್ತರಿಸಿದರೆ ಹೊಸ ತಲೆ ಬೆಳೆಯುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಒಂದು ಜಾಗಕ್ಕೆ ಒಗ್ಗಿಸಿದ ಹುಳಗಳು ಹೊಸ ತಲೆ ಬಂದ ಮೇಲೂ ಆ ಜಾಗಕ್ಕೆ ಬೇಗ ಹೊಂದಿಕೊಂಡವು. 2008ರ ಇನ್ನೊಂದು ಪ್ರಯೋಗದಲ್ಲಿ, ಕಂಬಳಿಹುಳವಾಗಿದ್ದಾಗ ಒಂದು ವಾಸನೆಯಿಂದ ದೂರವಿರಲು ಕಲಿತ ಜೀವ, ಪತಂಗವಾದ ಮೇಲೂ ಆ ವಾಸನೆಗೆ ಹೆದರಿತು.

2025ರಲ್ಲಿ ಕಂಡ ಮುಖ ಯಾರದು?

ಮೇ 31ರ ಕಂತಿನ ಕೊನೆಯಲ್ಲಿ ಗಟ್ವಾ ಅವರ ಡಾಕ್ಟರ್ ಬೆಳಕಾಗಿ, ಬಿಲ್ಲಿ ಪೈಪರ್ ಅವರ ಮುಖ ಮೂಡಿತು. 2005ರಲ್ಲಿ ಡಾಕ್ಟರ್‌ರ ಜೊತೆಗಾತಿ ರೋಸ್ ಆಗಿದ್ದವರು. ಅವರೇ ಹೊಸ ಡಾಕ್ಟರ್ ಅಂತ ಆ ಕಂತು ಹೆಸರಿಸಿ ಹೇಳಲಿಲ್ಲ.

ನನ್ನ ಮಗಳು ಅಳುತ್ತಿದ್ದಾಳೆ. ಹಳೆಯ ಡಾಕ್ಟರ್ ಬೇಕಂತೆ. ಏನು ಹೇಳಲಿ?

ಇವರೂ ಅವರೇ, ಸುಮ್ನಿರು ಅಂತ ಹೇಳಬೇಡಿ. ಅವಳು ನೋಡಿದ್ದು ನಿಜ. ಸ್ವಲ್ಪ ಹೊತ್ತು ಅಳಲಿ. ಆಮೇಲೆ 2014ರ ಆಗಸ್ಟ್ 23ರ ಕಂತಿನ ಕೊನೆಯ ಹತ್ತು ನಿಮಿಷ ಹಾಕಿ, ಪಕ್ಕದಲ್ಲಿ ಕೂತುಕೊಳ್ಳಿ.

ಕ್ಲಾರಾಗೂ ಕಪಾಲ್ಡಿ ಅವರ ಹೊಸ ಡಾಕ್ಟರ್ ಹಿಡಿಸಿಲ್ಲ. ನರೆತ ಹುಬ್ಬು, ಒರಟು ಮಾತು. ಬಿಟ್ಟುಹೋಗಬೇಕು ಅಂತ ಯೋಚಿಸುತ್ತಿದ್ದಾಳೆ. ಅಷ್ಟರಲ್ಲಿ ಅವಳ ಫೋನ್ ಬಾರಿಸುತ್ತದೆ. ಆ ಕಡೆ ಹಳೆಯ ಡಾಕ್ಟರ್, ಸಾಯುವ ಮುಂಚೆ ಟ್ರೆನ್ಜಲೋರ್‌ನಿಂದ ಮಾಡಿದ ಕರೆ. ಅವನು ಮುದುಕನಾಗಿರಬಹುದು, ಆದರೆ ನಿನಗಿಂತ ಜಾಸ್ತಿ ಹೆದರಿದ್ದಾನೆ, ಅವನ ಜೊತೆಗಿರು ಅನ್ನುತ್ತಾರೆ. ಕರೆ ಮುಗಿಯುತ್ತದೆ. ಎದುರಿಗೆ ನಿಂತ ಹೊಸ ಡಾಕ್ಟರ್ ಅವಳು ತನ್ನನ್ನು ಒಂದು ಸಲ ಸರಿಯಾಗಿ ನೋಡಲಿ ಅಂತ ಕೇಳಿಕೊಳ್ಳುತ್ತಾರೆ. ಕ್ಲಾರಾ ಹತ್ತಿರ ಬಂದು ಆ ಮುಖವನ್ನು ಬಹಳ ಹೊತ್ತು ನೋಡುತ್ತಾಳೆ. ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿ, ತಬ್ಬಿಕೊಳ್ಳುತ್ತಾಳೆ. ತಾನೀಗ ತಬ್ಬಿಕೊಳ್ಳುವ ಜಾತಿಯವನಲ್ಲವೇನೋ ಅನ್ನುತ್ತಾ ಅವರು ಕೈ ಎಲ್ಲಿಡಬೇಕು ಅಂತ ತಿಳಿಯದೆ ನಿಂತಿರುತ್ತಾರೆ.